ಸೊಸೆಗಾಗಿ ಒಂದು ನೋಂಪಿ

ಅಕ್ಕಾತಾಯಿಯ ಕೈ ಟ್ರಂಕಿನ ತಳ ಮುಟ್ಟಿತು. ನಾಲ್ಕು ಸೀರೆ, ಎರಡು ಚೂಡಿದಾರ, ಬಿ.ಎಸ್ಸಿ. ಪುಸ್ತಕಗಳು. ಗುಳಿಗೆ ಇರಲಿಲ್ಲ. ಪುಸ್ತಕಗಳನ್ನೂ ಕೊಡವಿ ನೋಡಿದಳು. ಒಂದು ನವಿಲುಗರಿ ಬಿತ್ತು, ಅಷ್ಟೆ.

"ಏನ್ ಹುಡುಕಾಕತ್ತೀರಿ ಅಕ್ಕಾರ?" ಜಿನಮತಿ ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಸೊಸಿ ಗುಟ್ಟು." ಅಕ್ಕಾತಾಯಿ ನಾಚಲಿಲ್ಲ. "ಮದಿವ್ಯಾಗಿ ಎರಡ ವರ್ಷ ಆತು. ಈಕಿ ಏನೋ ನುಂಗಾಕತ್ತಾಳ. ಇಲ್ಲಂದ್ರ ಬಸರಾಗಲಾರದ ಇರತಿದ್ಲೇನ?"

ಅಕ್ಕಾತಾಯಿ ಜಿನಮತಿಯ ಗಂಡ ರಾವಸಾಹೇಬನ ಅಕ್ಕ. ಉಗಾರದಿಂದ ಬೇಡಕಿಹಾಳಕ್ಕೆ ಬರುವಾಗಲೇ ತೀರ್ಪು ಕಟ್ಟಿಕೊಂಡು ಬಂದಿದ್ದಳು: ಸೊಸೆ ದೀಪಾಲಿಯ ಕಾಲೇಜು ಬಿಡಿಸುವುದು, ತವರಿಗೆ ಕಳಿಸುವುದು. ರಾವಸಾಹೇಬ ಅಕ್ಕನ ಮಾತು ಮೀರಿದವನಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ದೀಪಾಲಿಗೂ.

ಅಕ್ಕಾತಾಯಿ ಬಂದಿಳಿದ ದಿನವೇ ದೀಪಾಲಿ ಹೊರಗಾಗಿದ್ದಳು. ಪಡಸಾಲೆಯ ಮೂಲೆ, ಬೇರೆ ಚಾಪೆ, ಬೇರೆ ತಾಟು. ಆದರೆ ಬೆಳಗಾದರೆ ಚಿಕ್ಕೋಡಿಯ ಬಸ್ಸು ಮಾತ್ರ ತಪ್ಪಿಸುತ್ತಿರಲಿಲ್ಲ. ಡಿಗ್ರಿಯ ಕೊನೆಯ ವರ್ಷ.

"ಬಸ್ಸಿನ್ಯಾಗ ಊರ ಮಂದಿನ್ನೆಲ್ಲಾ ಮುಟ್ಟಿ ಬರ್ತಾಳ. ಮನ್ಯಾಗ ನನ್ನ ತಂಬಗಿ ಮುಟ್ಟಂಗಿಲ್ಲ!" ಎಂದು ಅಕ್ಕಾತಾಯಿ ಗೊಣಗಿದಳು.

"ಬಸ್ಸಿಗಿ ಮಡಿ ಇಲ್ಲರಿ ಆತ್ಯಾರ," ಎಂದಳು ದೀಪಾಲಿ ಮೂಲೆಯಿಂದ.

ಅವಳ ಗಂಡ ಭರತ ನಕ್ಕುಬಿಟ್ಟ. ಅಕ್ಕಾತಾಯಿ ಆ ನಗುವನ್ನೂ ಗಮನಿಸಿದಳು. ಮಕ್ಕಳಿಲ್ಲದ ಗಂಡಸು ಹೀಗೆ ನಗುತ್ತಾನೆಯೆ? ಹುಡುಗಿ ಅವನಿಗೂ ಏನೋ ಮಾಟ ಮಾಡಿರಬೇಕು.

"ನಿನ್ನ ಅತ್ತಿನ್ನ ನೋಡ ಕಲಿ. ಅಕಿನೂ ಕಾಲೇಜಿಗಿ ಹೋಕ್ಕಿದ್ಲು. ವರ್ಷ ತುಂಬೂದ್ರಾಗ ಭರತನ್ನ ಹಡದ್ಲು. ಪುಸ್ತಕ ಕಟ್ಟಿ ಅಟ್ಟಕ್ಕ ಇಟ್ಲು, ಒಂದ ಮಾತ ಆಡ್ಲಿಲ್ಲ."

ಜಿನಮತಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಅವಳ ಮೇಲೆ ಮಾತ್ರ ಅಕ್ಕಾತಾಯಿಗೆ ದೂರಿರಲಿಲ್ಲ. ಹೇಗಿದ್ದೀತು? ಮನೆಗೆ ಸೊಸೆ ಬಂದ ತಿಂಗಳೇ ಬಸದಿಯಲ್ಲಿ ಮುನಿಗಳ ಮುಂದೆ, "ಸೊಸಿಗಾಗಿ" ಎಂದು ನೋಂಪಿಯ ವ್ರತ ಹಿಡಿದವಳು. ಪ್ರತಿ ತಿಂಗಳೂ ದೀಪಾಲಿಯ ತಲೆಸ್ನಾನವಾಗಿ ಎರಡು ದಿನ ಕಳೆದರೆ ನೋಂಪಿ ಶುರು. ಮುಂದೆ ಹನ್ನೆರಡು ದಿನ ಅತ್ತೆ ಸೊಸೆ ಹೊತ್ತು ಮುಳುಗುವ ಮೊದಲೇ ಉಂಡು, ದೇವರ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಭರತ ಹಾಸಿಗೆ ಹೊತ್ತು ಮಾಳಿಗೆ ಏರುತ್ತಿದ್ದ. ಮೊಣಕಾಲು ನೋಯುತ್ತಿದ್ದರೂ ಜಿನಮತಿ ಒಂದು ತಿಂಗಳೂ ತಪ್ಪಿಸಿರಲಿಲ್ಲ. "ಮೊಮ್ಮಗನ್ನ ಬೇಡೂದಂದ್ರ ಹಿಂಗ," ಎಂದು ಅಕ್ಕಾತಾಯಿ ಓಣಿಯಲ್ಲೆಲ್ಲ ಹೇಳಿ ಬಂದಿದ್ದಳು.

ದೀಪಾಲಿ ತಲೆಗೆ ನೀರು ಹಾಕಿಕೊಂಡ ಮರುದಿನ, ಗಂಡ ಹೆಂಡತಿ ಇಬ್ಬರನ್ನೂ ಅಕ್ಕಾತಾಯಿ ನಿಪ್ಪಾಣಿಯ ಡಾಕ್ಟರಮ್ಮನ ಬಳಿ ಎಳೆದೊಯ್ದಳು. ರಕ್ತ, ಸ್ಕ್ಯಾನ್, ಎಲ್ಲ ಆಯಿತು. ಸಂಜೆ ವರದಿ ಬಂದಾಗ ಭರತ ಹೊರಗೇ ಉಳಿದ.

"ದೋಷ ಏನೂ ಇಲ್ಲರಿ. ಇಬ್ರೂ ಚಲೋ ಅದಾರ," ಎಂದಳು ಡಾಕ್ಟರು. ಆಮೇಲೆ ದೀಪಾಲಿಯತ್ತ ತಿರುಗಿದಳು. "ನೋಡವಾ, ಮುಂದಿನ ಮುಟ್ಟಿಗಿ ಸುಮಾರು ಎರಡ ವಾರ ಇದ್ದಾಗ ತತ್ತಿ ಹೊರಗ ಬರ್ತೈತಿ..."

ತತ್ತಿ! ಅಕ್ಕಾತಾಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡು, ಣಮೋಕಾರ ಮಂತ್ರ ಹೇಳುತ್ತ ಕಿಟಕಿಯತ್ತ ತಿರುಗಿದಳು. ದೇವರ ಪೂಜೆ ಮಾಡುವ ಹೆಂಗಸಿನ ಮುಂದೆ ಇದೆಂಥ ಮಾತು?

"...ಅದು ಬದುಕೂದು ಬರೇ ಒಂದ ದಿನ. ಗಂಡಸರ ವೀರ್ಯಾಣು ಒಳಗ ಐದ ದಿನದ ತನಕ ಕಾಯ್ತಾವ. ಅದಕ್ಕ ತತ್ತಿ ಬರೂ ಮೊದಲಿನ ದಿನಗೋಳ ಭಾಳ ಮುಖ್ಯ. ಆವಾಗ ಕೂಡಿದ್ರೂ ಪ್ರತಿ ತಿಂಗಳ ನಿಲ್ಲಂಗಿಲ್ಲ. ಆ ದಿನ ಬಿಟ್ರ ಮಾತ್ರ ನಿಲ್ಲೂದ ಕಷ್ಟ. ನಿನ್ನ ಗಂಡ ಆವಾಗ ಮನ್ಯಾಗ ಇರ್ತಾನಿಲ್ಲ?"

"ಮನ್ಯಾಗ ಇರ್ತಾರ್ರಿ," ಎಂದಳು ದೀಪಾಲಿ, ಮೇಜಿನತ್ತ ನೋಡುತ್ತ.

ಉತ್ತರ ಮಾತ್ರ ಅಕ್ಕಾತಾಯಿಯ ಕಿವಿಗೆ ಬಿತ್ತು. ಕಳ್ಳರು ಹೀಗೇ ಚುಟುಕಾಗಿ ಮಾತಾಡುತ್ತಾರೆ ಎಂದುಕೊಂಡಳು.

ಅವಳ ಅನುಮಾನ ಪೂರ್ತಿ ಸುಳ್ಳಲ್ಲ. ದೀಪಾಲಿ ಓದುತ್ತಿದ್ದದ್ದು ಪ್ರಾಣಿಶಾಸ್ತ್ರ. ಡಾಕ್ಟರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಊಟದ ಹೊತ್ತಿಗೆ ಅತ್ತೆ, "ಡಾಕ್ಟರ್ ಏನಂದ್ರು?" ಎಂದಾಗ, "ದೋಷ ಇಲ್ಲಂತ್ರಿ ಅತ್ತಿ," ಎಂದು ತಲೆ ತಗ್ಗಿಸಿದಳು. ಆ ದಿನಗಳ ವಿಚಾರ ನುಂಗಿಕೊಂಡಳು.

"ದೋಷ ಇಲ್ಲಂದ್ರ ಆಟ ಐತಿ," ಎಂದಳು ಅಕ್ಕಾತಾಯಿ. "ನಾಳೆ ನನ್ನ ಕೂಡನ ಕಳಿಸ. ದಾರ್ಯಾಗ ತವರಿಗಿ ಬಿಟ್ಟ ಹೋಗ್ತೀನಿ."

ದೀಪಾಲಿಯ ಕೈಯ ತುತ್ತು ಅಲ್ಲೇ ನಿಂತಿತು. ರಾವಸಾಹೇಬ ತಾಟಿನಿಂದ ತಲೆ ಎತ್ತಲಿಲ್ಲ.

"ಕಳಿಸಬಹುದಿತ್ರಿ ಅಕ್ಕಾರ," ಎಂದಳು ಜಿನಮತಿ ಮೆಲ್ಲಗೆ. "ಆದ್ರ ನಾಳೆ ನೋಂಪಿ ಶುರು ಆಗ್ತೈತಿ. ನಡುವ ಬಿಟ್ರ ಮುನಿಗೋಳ ಮುಂದ ಹಿಡದ ನೇಮ ಮುರೀತೈತಿ. ಅಕಿ ಪರೀಕ್ಷಾ ಮುಗೀಲಿ, ಜೂನದಾಗ ಉದ್ಯಾಪನಾ ಮಾಡಿ ನೋಂಪಿ ಮುಗಸ್ತೀನಿ. ಅದರ ಮುಂದ ವರ್ಷದಾಗ ತೊಟ್ಟಲಾ ಕಟ್ಟಲಿಲ್ಲಂದ್ರ ನೀವು ಹೇಳಿದಂಗ."

ಅಕ್ಕಾತಾಯಿ ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. "ಬ್ಯಾಡವಾ, ನೇಮ ಮುರಿಬ್ಯಾಡ! ಒಂದ ದಿನಾನೂ ತಪ್ಪಸಬ್ಯಾಡ." ಮರುದಿನ ಮಧ್ಯಾಹ್ನ ಉಗಾರದ ಬಸ್ಸು ಹತ್ತಿದಳು, ಒಬ್ಬಳೇ.

ಸಂಜೆ ಭರತ ಸಿಳ್ಳೆ ಹಾಕುತ್ತ ಹಾಸಿಗೆ ಹೊತ್ತು ಮಾಳಿಗೆ ಏರಿದ. ದೇವರ ಕೋಣೆಯಲ್ಲಿ ಜಿನಮತಿ ಚಾಪೆ ಬಿಡಿಸಿದಳು.

"ಅತ್ತಿ," ದೀಪಾಲಿ ದನಿ ತಗ್ಗಿಸಿದಳು, "ನಿನ್ನೆ ಡಾಕ್ಟರ್ ದಿನದ ಲೆಕ್ಕಾ ಎಲ್ಲಾ ಬಿಚ್ಚಿ ಹೇಳಿದ್ರು. ಆತ್ಯಾರ ಕಿವಿಗಿ ಬಿದ್ದಿದ್ರ ನಮ್ಮ ಹನ್ನೆರಡ ದಿನ ಯಾಕಂತ ತಿಳೀತಿತ್ತು."

ಜಿನಮತಿ ಪ್ರಾಣಿಶಾಸ್ತ್ರದ ಪುಸ್ತಕವನ್ನು ಸೊಸೆಯ ತೊಡೆಯ ಮೇಲಿಟ್ಟಳು. "ನೀ ಓದವಾ. ಆ ಪಾಠ ನನಗೂ ಪಿಯುಸಿಯೊಳಗ ಇತ್ತು. ನಾ ಅಲ್ಲಿ ತನಕಾ ಓದಿ ಮುಟ್ಟೂದ್ರಾಗ ಭರತ ಹೊಟ್ಟ್ಯಾಗ ಬಂದಿದ್ದ."