ಸಾಕು ಅನ್ನುವ ಇಂಜೆಕ್ಷನ್

"ಅಕ್ಕ, ಇದನ್ನ ಇನ್ನೊಂಚೂರು ಒಳಗೆ ಹಿಡಿದು ಕೊಡ್ತೀರಾ? ಸೊಂಟದಲ್ಲಿ ನಿಲ್ಲೋದೇ ಇಲ್ಲ."

ವಾರಗಿತ್ತಿ ಚಾಚಿದ ಲಂಗವನ್ನು ದರ್ಜಿ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೊನ್ನೆ ಮೊನ್ನೆ ತಾನೇ ಒಳಗೆ ಹಿಡಿದು ಹೊಲಿದ ಲಂಗ. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಬಾಯಿಗೆ ಬಂದದ್ದು ಆಡಿಬಿಡುತ್ತಿದ್ದಳೇನೋ. ಅವಳ ಸ್ವಂತ ಲಂಗದ ಹೊಲಿಗೆಯಲ್ಲಿ ಬಿಚ್ಚಲು ಇನ್ನು ಬಟ್ಟೆಯೇ ಉಳಿದಿರಲಿಲ್ಲ. ಹೊಟ್ಟೆಕಿಚ್ಚಿಗೆ ಒಂದು ಹೊಲಿಗೆಯನ್ನು ವಾರೆಯಾಗಿ ಹೊಡೆದಳು. ಮತ್ತೆ ಕೈ ಕೇಳದೆ ಬಿಚ್ಚಿ ನೆಟ್ಟಗೆ ಮಾಡಿದಳು.

ಆಸ್ಪತ್ರೆಯವರು ಹೊಸ ಔಷಧಿಯ ಪರೀಕ್ಷೆಗೆ ದಪ್ಪ ಮೈಯವರು ಬೇಕೆಂದಾಗ, ಒಬ್ಬಳೇ ಹೋಗಲು ನಾಚಿ ಮೈದುನನ ಹೆಂಡತಿಯನ್ನೂ ಎಳೆದುಕೊಂಡು ಹೋದವಳು ಇವಳೇ. "ಊಟ ಇಳಿದ ಮೇಲೆ ಕರುಳು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತೆ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಅದು ತಲುಪಿದಾಗ ಮಿದುಳು ತನ್ನದೇ ಒಂದು ರಸ ಸುರಿಸಿ ಹಸಿವನ್ನ ಇಂಗಿಸುತ್ತೆ. ಈ ಇಂಜೆಕ್ಷನ್ ಆ ಹಾರ್ಮೋನಿನ ನಕಲು. ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಕೊನೇವರೆಗೂ ನನಗೂ ಗೊತ್ತಿರಲ್ಲ."

ದರ್ಜಿಗೆ ಗೊತ್ತಾಗಿಹೋಗಿತ್ತು: ಔಷಧಿ ವಾರಗಿತ್ತಿಗೆ, ಉಪ್ಪುನೀರು ತನಗೆ. ಊಟಕ್ಕೆ ಕೂತರೆ ಅವಳ ಕಣ್ಣು ವಾರಗಿತ್ತಿಯ ತಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಆಕೆ ನಾಲ್ಕು ತುತ್ತಿಗೇ ಎದ್ದು ಕೈ ತೊಳೆದರೆ ಇವಳ ಮೈಯೆಲ್ಲ ಉರಿಯುತ್ತಿತ್ತು. ಬೇಕೆಂದೇ ಕೈಬಿಚ್ಚಿ ಬೆಣ್ಣೆ ಹಾಕಿ ಅಡುಗೆ ಮಾಡಿದಳು. ಆಗಲೂ ಆಕೆ ತಟ್ಟೆ ಸರಿಸಿದಳು. ದಂಡವಾಗುತ್ತದೆಂದು ಉಳಿದದ್ದನ್ನೆಲ್ಲ ದರ್ಜಿಯೇ ಬಳಿದುಕೊಂಡು ತಿಂದಳು. ಹೊಟ್ಟೆ ಬಿರಿಯುವಂತಿದ್ದರೂ, ಒಮ್ಮೊಮ್ಮೆ ವಾಕರಿಕೆ ಬಂದರೂ ಬಿಡಲಿಲ್ಲ. ಉಪ್ಪುನೀರು ಚುಚ್ಚಿಸಿಕೊಂಡವಳು ಯಾವ ಸುಖಕ್ಕೆ ಬಾಯಿ ಕಟ್ಟಬೇಕು?

ಪರೀಕ್ಷೆ ಮುಗಿದ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೊದಲು ವಾರಗಿತ್ತಿ ಹೋಗಿಬಂದಳು, ಆಮೇಲೆ ದರ್ಜಿ.

"ನಿಮಗೆ ಕೊಟ್ಟಿದ್ದು ಔಷಧಿನೇ," ಎಂದರು ಡಾಕ್ಟರಮ್ಮ.

"ಇರಲಾರದು. ಇನ್ನೊಂದ್ಸಲ ನೋಡಿ ಡಾಕ್ಟ್ರೇ. ನಾನು ಇಳಿದೇ ಇಲ್ವಲ್ಲ."

"ಕೆಲವರಿಗೆ ಹಾಗಾಗುತ್ತೆ. ಔಷಧಿ ಸಾಕು ಅಂತ ಹೇಳುತ್ತೆ, ಅಷ್ಟೇ. ಮಿದುಳು ಬೇರೆ ಯಾವುದರ ಮಾತಿಗೋ ಕಿವಿ ಕೊಟ್ಟು ಕೂತಿದ್ರೆ ಇದು ಕೇಳಿಸಲ್ಲ."

ಹೊರಗೆ ಬೆಂಚಿನ ಮೇಲೆ ವಾರಗಿತ್ತಿ ಕಾಯುತ್ತಿದ್ದಳು. "ನಂದು ಬರೀ ಉಪ್ಪುನೀರಂತೆ ಅಕ್ಕ," ಎಂದಳು.

ದರ್ಜಿ ಅವಳ ಪಕ್ಕ ಕುಸಿದು ಕುಳಿತಳು. ಎಷ್ಟೋ ದಿನಗಳ ಮೇಲೆ ಅವಳ ಮುಖವನ್ನು ನೋಡಿದಳು. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು.

"ಮತ್ತೆ ನೀನ್ಯಾಕೆ ಊಟ ಬಿಟ್ಟೆ?"

ವಾರಗಿತ್ತಿ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದಳು.

"ಕೂತಾಗಿಂದ ಏಳೋತನಕ ನೀವು ನನ್ನ ತಟ್ಟೆನೇ ನೋಡ್ತಿದ್ರಿ ಅಕ್ಕ. ತುತ್ತು ಗಂಟಲಲ್ಲಿ ಇಳೀತಿರಲಿಲ್ಲ."