ಮೊದಲ ಹತ್ತು ನಿಮಿಷ

ಟಪಾಲಿನವನು ಮೂರನೇ ಸಲ ನಿಂತ. ಹಿಂದೆಯೇ ಬರುತ್ತಿದ್ದ ತನಿಖಾಧಿಕಾರಿ ಗಕ್ಕನೆ ಪುಸ್ತಕದಂಗಡಿಯ ಗಾಜಿಗೆ ಕೈಯೂರಿ, ಒಳಗಿದ್ದ ಅಡುಗೆ ಪುಸ್ತಕವೊಂದನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಕಂಪನಿಯ ಶಾಖೆಯಿಂದ ಶಾಖೆಗೆ ಕಾಗದಪತ್ರ ಹೊತ್ತು ನಡೆಯುವುದು ಈ ಟಪಾಲಿನವನ ಕೆಲಸ. ಈಗ ಅದೇನೋ ಸ್ನಾಯುವಿನ ಕಾಯಿಲೆಯಂತೆ, ಕೂತು ಮಾಡುವ ಕೆಲಸ ಬೇಕಂತೆ. ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ. "ಸುಳ್ಳು ಅಂತಾದ್ರೆ ಕೆಲಸದಿಂದ ತೆಗೆದುಬಿಡೋಣ. ನೀವೊಂದು ಸಲ ಹಿಂದೆ ಹೋಗಿ ನೋಡ್ಕೊಂಡು ಬನ್ನಿ," ಎಂದಿದ್ದರು.

ಸುಳ್ಳು ಹಿಡಿಯುವುದರಲ್ಲಿ ತನಿಖಾಧಿಕಾರಿಯದು ಎತ್ತಿದ ಕೈ. ಮೈಗಳ್ಳರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಚಿಕ್ಕಂದಿನಲ್ಲಿ ಶಾಲೆಯ ದಾರಿಯಲ್ಲಿ ಕೂತುಬಿಟ್ಟಾಗ ಅಪ್ಪ ಕಿವಿ ಹಿಂಡಿ ಎಬ್ಬಿಸುತ್ತಿದ್ದರು. "ನಡಿಯೋ ಮೈಗಳ್ಳ. ಎಲ್ಲರ ಕಾಲೂ ನೋಯುತ್ತೆ, ಎಲ್ಲರೂ ನಡೀತಾರೆ." ಆ ನಾಚಿಕೆ ಐವತ್ತು ದಾಟಿದರೂ ಹೋಗಿರಲಿಲ್ಲ. ಆದರೆ ತಮ್ಮನ್ನು ಮನುಷ್ಯನನ್ನಾಗಿ ಮಾಡಿದ್ದು ಆ ಮಾತೇ ಎಂದು ನಂಬಿದ್ದರು.

ಟಪಾಲಿನವನು ಹೊರಟ. ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕಂಬ ಹಿಡಿದ. ತನಿಖಾಧಿಕಾರಿ ಬಗ್ಗಿ ಬೂಟಿನ ದಾರ ಬಿಚ್ಚಿ, ನಿಧಾನವಾಗಿ ಕಟ್ಟಿದರು. ಅವನು ಬೆಂಚಿನ ಮೇಲೆ ಕೂತ. ಇವರು ಎದುರಿನ ಬೆಂಚಿನಲ್ಲಿ ಪೇಪರು ಬಿಡಿಸಿ ಕೂತು, ಬೆವರು ಒರೆಸಿಕೊಂಡರು. ಕಸುಬು ಬಲ್ಲವರು, ಎಲ್ಲೆಲ್ಲಿ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊರಟು ಹತ್ತು ನಿಮಿಷ ಕಳೆಯಿತು ನೋಡಿ, ಟಪಾಲಿನವನು ಎದ್ದವನೇ ಏರುರಸ್ತೆಯಲ್ಲಿ ಸರಸರನೆ ನಡೆದ. ಶಿಳ್ಳೆ ಬೇರೆ. ಇವರೂ ಅಷ್ಟೇ ಸಲೀಸಾಗಿ ಹಿಂದೆ ನಡೆದರು. ಸಿಕ್ಕಿಬಿದ್ದ ಕಳ್ಳ ಎಂದು ಒಳಗೊಳಗೇ ಹಿಗ್ಗಿದರು.

ಮಧ್ಯಾಹ್ನ ಕಂಪನಿಯ ಡಾಕ್ಟರ ಕೋಣೆಯಲ್ಲಿ ವರದಿ ಒಪ್ಪಿಸಿದರು. "ಬರೀ ನಾಟಕ ಡಾಕ್ಟ್ರೇ. ಹತ್ತು ನಿಮಿಷ ನರಳೋದು, ಆಮೇಲೆ ಕುದುರೆ ಥರ ಓಡೋದು."

"ಆ ಕಾಯಿಲೆ ಇರೋದೇ ಹಾಗೆ," ಎಂದರು ಡಾಕ್ಟರು. "ಸ್ನಾಯು ತಾನೇ ಕೂಡಿಟ್ಟಿರೋ ಸಕ್ಕರೆನ ಕರಗಿಸಿಕೊಳ್ಳೋಕೆ ಅದಕ್ಕೆ ಆಗಲ್ಲ. ರಕ್ತದಿಂದ ಬೇರೆ ಇಂಧನ ಬರೋವರೆಗೆ ಕಾಲು ಕಲ್ಲಾಗುತ್ತೆ, ಬಂದ್ಮೇಲೆ ಸಲೀಸು. ಮೈಮೀರಿ ದುಡಿದ್ರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಇಳಿದು ಬರಬೇಕು, ಲಕ್ಷಕ್ಕೊಬ್ಬರಿಗೆ ಇದ್ರೆ ಹೆಚ್ಚು. ಅವನಿಗೆ ಕೂತು ಮಾಡೋ ಕೆಲಸ ಕೊಡಲೇಬೇಕು ಅಂತ ಬರೀತೀನಿ."

ತನಿಖಾಧಿಕಾರಿಗೆ ನಗು ತಡೆಯಲಾಗಲಿಲ್ಲ. "ಇದನ್ನೂ ಕಾಯಿಲೆ ಮಾಡಿಬಿಟ್ರಾ? ಒಳ್ಳೇ ಕತೆ. ಮೊದಲ ಹತ್ತು ನಿಮಿಷ ಎಲ್ಲರ ಕಾಲೂ ನೋಯುತ್ತೆ ಡಾಕ್ಟ್ರೇ."

ಡಾಕ್ಟರು ಅವರನ್ನೇ ನೋಡಿದರು. ಆಮೇಲೆ ಮೇಜಿನ ಮೇಲಿಂದ ಇನ್ನೊಂದು ಖಾಲಿ ಫಾರಂ ಎಳೆದುಕೊಂಡರು.

"ಇಲ್ಲ ಸರ್," ಎಂದರು ಮೆಲ್ಲಗೆ. "ಎಲ್ಲರದೂ ನೋಯಲ್ಲ."