ಒಬ್ಬರು ನೋಡುತ್ತಿದ್ದಾರೆ

ನೇರಪ್ರಸಾರ ಎಷ್ಟು ಜನ ನೋಡುತ್ತಿದ್ದಾರೆಂದು ತೋರಿಸುವ, ವೇದಿಕೆಯ ಅಂಚಿನಲ್ಲಿದ್ದ ಪುಟ್ಟ ಪರದೆಯಲ್ಲಿ ಸೊನ್ನೆ ಹೋಗಿ ಒಂದು ಬಂತು. ಅವಳು ಉಸಿರುಬಿಟ್ಟಳು. ಅಕ್ಕ ಬಂದಳು.

ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್ ಸಮ್ಮೇಳನದ ಚಿಕ್ಕ ಸಭಾಂಗಣ. ವೇದಿಕೆಯ ಮೇಲೆ ನಾಲ್ಕು ಕುರ್ಚಿ, ನಾಲ್ಕು ನೀರಿನ ಬಾಟಲಿ. ಎದುರಿಗೆ ಇಪ್ಪತ್ತು ಮಂದಿ, ಎಲ್ಲರ ತಲೆಯೂ ಫೋನಿನೊಳಗೆ. ಲಕ್ಷಾಂತರ ಜನರನ್ನು ಸೆಳೆಯುವುದು ಹೇಗೆಂದು ಉಪದೇಶ ಮಾಡುವ ಈ ಚರ್ಚೆಗಳ ನೇರಪ್ರಸಾರವನ್ನು ನರಪಿಳ್ಳೆಯೂ ನೋಡುವುದಿಲ್ಲ. ಅದರ ಲಿಂಕನ್ನು ಮಾತಾಡುವವರಿಗಷ್ಟೇ ಕಳಿಸುತ್ತಾರೆ, ತಮಗೆ ಬೇಕಾದವರಿಗೆ ಕೊಡಲಿ ಎಂದು. ಮಿಕ್ಕವರು ಅದನ್ನು ತೆರೆದೂ ನೋಡುವುದಿಲ್ಲ.

ಅವಳು ಮಾತ್ರ ಪ್ರತಿ ಸಲ ಅಕ್ಕನಿಗೆ ಕಳಿಸುತ್ತಿದ್ದಳು. ಮೂರು ವರ್ಷದಲ್ಲಿ ಹನ್ನೊಂದು ಸಮ್ಮೇಳನ, ಹನ್ನೊಂದು ಲಿಂಕ್. ಅಕ್ಕನಿಂದ ಒಂದಕ್ಕೂ ಉತ್ತರವಿಲ್ಲ. ಆದರೆ ಹನ್ನೊಂದು ಸಲವೂ ಪರದೆಯ ಮೂಲೆಯಲ್ಲಿ ಅದೇ ಬರಹ: ನೋಡುತ್ತಿರುವವರು, ಒಬ್ಬರು. ಅಕ್ಕ ಮಾತು ಬಿಟ್ಟಿದ್ದಾಳೆ, ನೋಡುವುದನ್ನು ಬಿಟ್ಟಿಲ್ಲ. ಹೋಟೆಲ್ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಒಬ್ಬಳೇ ಊಟ ಮಾಡುವಾಗ ಅವಳಿಗೆ ಇದ್ದ ಆಸರೆ ಅದೊಂದೇ.

ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಕ್ಕ. ಹೊಲಿಗೆ ಅಂಗಡಿ ಇಟ್ಟು ಓದಿಸಿದವಳು. ಅಂಗಡಿ ಕೈಹಿಡಿಯಲಿಲ್ಲ. ಇನ್ನು ಮುಚ್ಚುವುದೇ ಸರಿ ಎಂದುಕೊಂಡ ದಿನ ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಇವಳು ಬಾಗಿಲಲ್ಲೇ ನಿಂತು ಫೋಟೋ ತೆಗೆದಳು. ನಾಲ್ಕು ಸಾಲು ಬರೆದು ಹಾಕಿದಳು. ಇಪ್ಪತ್ತು ಲಕ್ಷ ಜನ ನೋಡಿದರು. ಆರ್ಡರುಗಳು ಬಂದು ಬಿದ್ದವು. ಇವಳಿಗೆ ಕೆಲಸ ಸಿಕ್ಕಿತು, ಹೆಸರು ಬಂತು.

ವೇದಿಕೆಗಳಲ್ಲಿ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅಂಗಡಿಗೆ ಬಂದವರು ಬಟ್ಟೆಯ ಅಳತೆ ಕೊಡುವುದಕ್ಕಿಂತ ಅಕ್ಕನ ಮುಖ ನೋಡಿ "ಪಾಪ" ಎನ್ನುವುದಕ್ಕೇ ಬಂದರೆಂದು ಅವಳು ಎಲ್ಲೂ ಹೇಳುತ್ತಿರಲಿಲ್ಲ. ಹದಿನೈದೇ ದಿನಕ್ಕೆ ಅಕ್ಕ ಷಟರ್ ಎಳೆದಿದ್ದಳು.

"ನಾನು ಅಳೋದು ನಿನಗೆ ಕಾಣಿಸ್ತು ತಾನೆ?" ಎಂದು ಅವತ್ತು ಕೇಳಿದ್ದಳು. "ಒಳಗೆ ಬಂದು ಹೆಗಲ ಮೇಲೆ ಒಂದು ಕೈ ಇಡೋದು ಬಿಟ್ಟು, ಹೊರಗೆ ನಿಂತು ಫೋಟೋ ತೆಗೆದ್ಯಲ್ಲೇ."

ಅದೇ ಅಕ್ಕ ಅವಳೊಂದಿಗೆ ಆಡಿದ ಕೊನೆಯ ಮಾತು.

ಇವತ್ತು ತಂಗಿ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಎಲ್ಲರ ಕಣ್ಣೆದುರು ಮಾಡಿದ ತಪ್ಪನ್ನು ಎಲ್ಲರ ಕಣ್ಣೆದುರೇ ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಲಿಂಕಿನ ಜೊತೆ ಮೊದಲ ಸಲ ಒಂದು ಸಾಲು ಬರೆದಿದ್ದಳು. "ಅಕ್ಕಾ, ಇವತ್ತು ನಿನಗೆ ಒಂದು ಮಾತು ಹೇಳೋದಿದೆ."

ಅದೇ ಲಿಂಕನ್ನು ಬಾಸ್ ಕೂಡ ಕೇಳಿ ಪಡೆದಿದ್ದರು. "ಬಿಡುವಾದ್ರೆ ನೋಡ್ತೀನಿ. ಆ ಫೋಟೋ ಕತೆ ಚೆನ್ನಾಗಿ ಹೇಳಿ. ನಿಮ್ಮನ್ನ ವಿಭಾಗದ ಮುಖ್ಯಸ್ಥೆ ಮಾಡೋ ವಿಚಾರ ನಡೀತಿದೆ."

ಚರ್ಚೆ ನಡೆಸುತ್ತಿದ್ದವರು ಅವಳತ್ತ ತಿರುಗಿದರು. "ಮೇಡಂ, ನಿಮ್ಮ ಆ ಫೋಟೋ ಬಗ್ಗೆ ಹೇಳಿ. ಎಲ್ಲರೂ ಅದಕ್ಕೇ ಕಾಯ್ತಿದ್ದಾರೆ."

ಯಾರೂ ಕಾಯುತ್ತಿರಲಿಲ್ಲ, ಅದು ಬೇರೆ ಮಾತು. ಅವಳು ಮೈಕ್ ಕೈಗೆತ್ತಿಕೊಂಡಳು. "ಆ ಫೋಟೋ..." ಎಂದಳು.

ಪರದೆಯಲ್ಲಿ ಒಂದು ಎರಡಾಯಿತು.

ಬಾಸ್! ಬಾಯಿಗೆ ಬಂದ ಮಾತು ಗಂಟಲಿಗೆ ಇಳಿಯಿತು. ಅಕ್ಕ ಇನ್ನೊಂದು ಸಲಕ್ಕೂ ಕಾದಾಳು, ಬಾಸ್ ಕಾಯುವ ಆಸಾಮಿಯಲ್ಲ.

"ಆ ಫೋಟೋ ನನ್ನ ಮೊದಲ ಗೆಲುವು. ಅಳೋ ಮುಖ ಓಡೋ ಹಾಗೆ ಇನ್ಯಾವುದೂ ಓಡಲ್ಲ. ತಾನು ಇಷ್ಟು ಚೆನ್ನಾಗಿ ಅಳ್ತೀನಿ ಅಂತ ಪಾಪ, ನಮ್ಮಕ್ಕನಿಗೇ ಗೊತ್ತಿರ್ಲಿಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ತಲೆಗಳು ಫೋನಿನಿಂದ ಮೇಲೆದ್ದವು. ನಗು ಅಡಗುವಷ್ಟರಲ್ಲಿ ಎರಡು ಮತ್ತೆ ಒಂದಾಗಿತ್ತು. ಬೇಕಾದ್ದು ಸಿಕ್ಕ ಕೂಡಲೇ ಬಾಸ್ ಹೊರಟಿದ್ದರು. ಇಷ್ಟು ಕೇಳಿಸಿಕೊಂಡ ಮೇಲೂ ಅಕ್ಕ ಕದಲಿರಲಿಲ್ಲ. ತಂಗಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಕೊನೆಗೆ ಒಬ್ಬೊಬ್ಬರಿಗೂ ಒಂದು ನಿಮಿಷ ಸಿಕ್ಕಿತು. ಅವಳು ಎದ್ದು ನಿಂತಳು. ಸಭೆಯನ್ನು ಬಿಟ್ಟು ನೇರ ಕ್ಯಾಮೆರಾ ನೋಡಿದಳು.

"ಆಗ ಹೇಳಿದ್ನಲ್ಲ, ಅದು ಗೆಲುವಲ್ಲ. ಅಂಗಡಿ ಉಳೀಲಿಲ್ಲ. ಅಕ್ಕಾ, ನಿನ್ನ ಅಳು ನಿನ್ನದಾಗಿತ್ತು. ಅದನ್ನ ನಾನು ಬೀದಿಗೆ ತಂದೆ. ಅವತ್ತು ಒಳಗೆ ಬರಬೇಕಿತ್ತು ಕಣೇ. ತಪ್ಪಾಯ್ತು."

ಪರದೆಯ ಮೇಲೆ ಆ ಒಂದು ಅಲುಗದೆ ನಿಂತಿತ್ತು. ಪೂರ್ತಿ ಕೇಳಿಸಿಕೊಂಡಳು ಅಕ್ಕ. ಮೂರು ವರ್ಷದ ಭಾರ ಇಳಿದಂತಾಗಿ ತಂಗಿ ಅಲ್ಲೇ ಅತ್ತುಬಿಟ್ಟಳು.

ಕೆಳಗಿಳಿದಾಗ ಫೋನಿನಲ್ಲಿ ಬಾಸ್ ಸಂದೇಶವಿತ್ತು. "ಸಾರಿ, ಮೀಟಿಂಗ್‌ನಲ್ಲಿ ಸಿಕ್ಕಿಕೊಂಡೆ. ಲಿಂಕ್ ತೆರೆಯೋಕೂ ಆಗ್ಲಿಲ್ಲ." ಅವಳಿಗೆ ನಗು ಬಂತು. ಸುಮ್ಮನೆ ಹೆದರಿದ್ದಳು. ಎರಡನೆಯವರು ಯಾರೋ ದಾರಿ ತಪ್ಪಿ ಬಂದವರಿರಬೇಕು.

ನೇರಪ್ರಸಾರ ನೋಡಿಕೊಳ್ಳುವ ನರೆಗಡ್ಡದವರು ವೈರು ಸುತ್ತುತ್ತಿದ್ದರು. ಎಲ್ಲ ಸಮ್ಮೇಳನಗಳಿಗೂ ಅವರದೇ ತಂಡ. ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿ ಅವಳು ಅವರ ಬಳಿಗೆ ಹೋದಳು.

"ತುಂಬಾ ಥ್ಯಾಂಕ್ಸ್ ಸರ್. ಯಾವಾಗ್ಲೂ ಒಬ್ಬರು ನೋಡ್ತಾ ಇರ್ತಾರಲ್ಲ, ಅದು ನಮ್ಮಕ್ಕ."

ಅವರ ಕೈ ನಿಂತಿತು. "ಇಲ್ಲ ಮೇಡಂ, ಆ ಒಂದು ನಮ್ಮದು. ಸೌಂಡ್ ಸರಿಯಾಗಿ ಹೋಗ್ತಿದೆಯಾ ಅಂತ ನೋಡೋಕೆ ಹಿಂದಿನ ರೂಮಲ್ಲಿ ಒಂದು ಲ್ಯಾಪ್‌ಟಾಪ್ ತೆರೆದಿಟ್ಟಿರ್ತೀವಿ. ಅಲ್ಲಿ ಯಾರೂ ಕೂತಿರಲ್ಲ."

ಅವಳ ಮುಖ ನೋಡಿ ಅವರಿಗೆ ಕೆಡುಕೆನಿಸಿತು. ಏನಾದರೂ ಸಮಾಧಾನದ ಮಾತು ಹೇಳಬೇಕಿತ್ತು.

"ಆದ್ರೆ ಇವತ್ತು ನಿಜವಾಗ್ಲೂ ಒಬ್ಬರು ಲಿಂಕ್ ತೆರೆದು ಬಂದಿದ್ರು ಮೇಡಂ," ಎಂದರು. "ಎಲ್ಲರೂ ನಗೋವಾಗ ಹೊರಟುಹೋದ್ರು."